ಲಿವರ್ ಸೆಲ್ಸನ್ನು ಉಂಡೆಯಾಗಿ ಬೆಳೆಸಿ ಔಷಧ ಪರೀಕ್ಷಿಸುವುದು ಹೇಗೆ?

ನಮ್ಮ ಕಡೆ ಕಾಮಾಲೆ ಅಂದ ತಕ್ಷಣ ನೆಲನೆಲ್ಲಿ ನೆನಪಾಗುತ್ತದೆ. ಅದಕ್ಕೇ ಇರಬೇಕು, ಮೈಸೂರು, ಮಂಡ್ಯದಲ್ಲಿ ಫಾರ್ಮಸಿ, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ಓದುವ ಎಷ್ಟೋ ಮಕ್ಕಳು ಪ್ರಾಜೆಕ್ಟ್‌ಗೆ ಲಿವರ್ ವಿಷಯವನ್ನೇ ಹಿಡಿಯುತ್ತಾರೆ. ಒಂದು ಗಿಡದ ಸಾರ, ಒಂದು ಫ್ಲಾಸ್ಕ್ ತುಂಬ ಲಿವರ್ ಗಡ್ಡೆಯಿಂದ ಬಂದ ಹೆಪ್‌ಜಿ2 ಸೆಲ್ಸ್, 24 ಗಂಟೆ ಕಾಯುವುದು, ಕೊನೆಗೆ ಎಂಟಿಟಿ ಅಸ್ಸೆ, ಅಂದರೆ ಬದುಕಿರುವ ಸೆಲ್ಸ್ ನೇರಳೆ ಬಣ್ಣ ಕೊಡುವ ಪರೀಕ್ಷೆ. ನೇರಳೆ ಬಣ್ಣ ಚೆನ್ನಾಗಿ ಬಂದರೆ ಸಾರ ಲಿವರ್‌ಗೆ ಒಳ್ಳೆಯದು ಎಂದು ಬರೆದು ಮುಗಿಸುತ್ತಾರೆ.

ಇಷ್ಟು ಸಾಲದು. ಔಷಧ ಲಿವರ್‌ಗೆ ಏಟು ಕೊಡುವುದು ಯಾವಾಗಲೂ ಒಂದೇ ದಿನದಲ್ಲಿ ಅಲ್ಲ. ಎಷ್ಟೋ ಸಲ ಏಟು ಕೊಡುವುದು ಔಷಧವೂ ಅಲ್ಲ, ಲಿವರ್ ಅದನ್ನು ಒಡೆದಾಗ ಹುಟ್ಟುವ ಇನ್ನೊಂದು ವಸ್ತು. ಪ್ಲಾಸ್ಟಿಕ್ ಮೇಲೆ ಚಪ್ಪಟೆಯಾಗಿ ಅಂಟಿ ಕೂತ ಸೆಲ್ಸ್ ಈ ಒಡೆಯುವ ಕೆಲಸವನ್ನೇ ಬಿಟ್ಟಿರುತ್ತವೆ. ಮನುಷ್ಯರ ಲಿವರ್‌ನಿಂದ ನೇರವಾಗಿ ತೆಗೆದ ಸೆಲ್ಸನ್ನೇ ಚಪ್ಪಟೆಯಾಗಿ ಹಾಕಿದರೂ ಎರಡು ಮೂರು ದಿನದೊಳಗೆ ಅವುಗಳ ಔಷಧ ಒಡೆಯುವ ಸೈಟೋಕ್ರೋಮ್ ಪಿ450 ಎಂಜೈಮ್‌ಗಳು ಬಹಳ ಕುಸಿಯುತ್ತವೆ. ಅವೇ ಸೆಲ್ಸನ್ನು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಲು ಬಿಟ್ಟರೆ ವಾರಗಟ್ಟಲೆ ಲಿವರ್ ಕೆಲಸ ಮಾಡುತ್ತವೆ. ಈ ಉಂಡೆಗೆ ಲ್ಯಾಬಿನಲ್ಲಿ ಸ್ಫೆರಾಯ್ಡ್ ಅನ್ನುತ್ತಾರೆ.

ವಾರಗಟ್ಟಲೆ ಯಾಕೆ ಬೇಕು ಅನ್ನುವವರಿಗೆ ಫಿಯಾಲುರಿಡೀನ್ ಕಥೆ ಹೇಳಬೇಕು. 1993ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಹೆಪಟೈಟಿಸ್ ಬಿ ರೋಗಿಗಳ ಮೇಲೆ ಈ ಔಷಧದ ಪ್ರಯೋಗ ನಡೆಯಿತು. 15 ಜನರಲ್ಲಿ 7 ಜನರ ಲಿವರ್ ಕೆಟ್ಟಿತು. 5 ಜನ ತೀರಿಕೊಂಡರು, ಇಬ್ಬರು ಲಿವರ್ ಕಸಿಯಿಂದ ಉಳಿದರು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಈ ಅಪಾಯ ಕಂಡಿರಲಿಲ್ಲ. ಔಷಧ ಮೈಟೋಕಾಂಡ್ರಿಯಾದ ಡಿಎನ್‌ಎಯನ್ನು ನಿಧಾನವಾಗಿ ಹಾಳು ಮಾಡುತ್ತಿತ್ತು. ಇಂಥದ್ದು 24 ಗಂಟೆಯಲ್ಲಿ ಹೇಗೆ ಸಿಕ್ಕಿಬೀಳುತ್ತದೆ? ಮುಂದೆ ಮನುಷ್ಯರ ಲಿವರ್ ಸೆಲ್ಸ್‌ನ ಸ್ಫೆರಾಯ್ಡ್‌ಗೆ ಇದೇ ಔಷಧವನ್ನು ದಿನಗಟ್ಟಲೆ ಮತ್ತೆ ಮತ್ತೆ ಕೊಟ್ಟಾಗ ವಿಷ ಕಾಣಿಸಿತು.

ಸಾಮಾನ್ಯ ಸೆಲ್ ಕಲ್ಚರ್ ಲ್ಯಾಬ್ ಇದ್ದರೆ ಈ ಕೆಲಸ ಮಾಡಬಹುದು. ಸೋಂಕು ತಗುಲದಂತೆ ಕೆಲಸ ಮಾಡುವ ಹುಡ್, ಸಿಒ2 ಇನ್ಕ್ಯುಬೇಟರ್, ಇನ್ವರ್ಟೆಡ್ ಮೈಕ್ರೋಸ್ಕೋಪ್, ಪ್ಲೇಟ್ ರೀಡರ್, ಪ್ಲೇಟ್ ತಿರುಗಿಸುವ ಸೆಂಟ್ರಿಫ್ಯೂಜ್ ಸಾಕು.

ಹಂತ 1: ಪ್ರಶ್ನೆ ಮೊದಲು, ಸೆಲ್ಸ್ ಆಮೇಲೆ

ನಿಮ್ಮ ಪ್ರಶ್ನೆಗೆ ಯಾವ ಸೆಲ್ಸ್ ಉತ್ತರ ಕೊಡಬಲ್ಲವು ಎಂದು ಮೊದಲೇ ಯೋಚಿಸಿ. ಹೆಪ್‌ಜಿ2 ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಲಿವರ್ ಗಡ್ಡೆಯಿಂದ ಬಂದ ಸೆಲ್ಸ್. ಸುಲಭವಾಗಿ ಬೆಳೆಯುತ್ತವೆ, ಖರ್ಚು ಕಡಿಮೆ, ಪುಣೆಯ ಸರ್ಕಾರಿ ಸೆಲ್ ಭಂಡಾರ ಎನ್‌ಸಿಸಿಎಸ್‌ನಿಂದ ತರಿಸಿಕೊಳ್ಳಬಹುದು. ಆದರೆ ಔಷಧ ಒಡೆಯುವ ಎಂಜೈಮ್‌ಗಳು ಇವುಗಳಲ್ಲಿ ಬಹಳ ಕಮ್ಮಿ. ಉಂಡೆ ಮಾಡಿದರೆ ಸ್ವಲ್ಪ ಏರುತ್ತವೆ, ಆದರೂ ನಿಜವಾದ ಲಿವರ್‌ನ ಮಟ್ಟಕ್ಕೆ ಬರುವುದಿಲ್ಲ. ಔಷಧ ನೇರವಾಗಿ ಸೆಲ್ಸನ್ನು ಕೊಲ್ಲುತ್ತದೆಯೇ ಎಂಬ ಪ್ರಶ್ನೆಗೆ ಹೆಪ್‌ಜಿ2 ಸರಿ. ಔಷಧ ಒಡೆದು ಹುಟ್ಟುವ ವಸ್ತು ವಿಷವೇ ಎಂಬ ಪ್ರಶ್ನೆಗೆ ಇವು ಸಾಲುವುದಿಲ್ಲ.

ಆಗ ಹೆಪಾಆರ್‌ಜಿ ಎಂಬ ಇನ್ನೊಂದು ಬಗೆಯ ಲಿವರ್ ಸೆಲ್ಸ್ ನೋಡಬೇಕು. ಎಂಜೈಮ್‌ಗಳು ಚೆನ್ನಾಗಿವೆ, ಆದರೆ ಬಲಿಯಲು ಸುಮಾರು ನಾಲ್ಕು ವಾರ ಬೇಕು. ಅದರಲ್ಲಿ ಎರಡು ವಾರ ಡಿಎಂಎಸ್‌ಒ ಎಂಬ ದ್ರಾವಕ ಸೇರಿಸಿದ ಮೀಡಿಯಾದಲ್ಲಿ, ಅಂದರೆ ಸೆಲ್ಸ್ ಬೆಳೆಸುವ ಪೋಷಕ ದ್ರವದಲ್ಲಿ ಇಡಬೇಕು. ಎಲ್ಲಕ್ಕಿಂತ ಒಳ್ಳೆಯದು ಮನುಷ್ಯರ ಲಿವರ್‌ನಿಂದ ನೇರವಾಗಿ ತೆಗೆದ ಪ್ರೈಮರಿ ಸೆಲ್ಸ್. ದುಬಾರಿ, ದ್ರವ ಸಾರಜನಕದಲ್ಲಿ ಬರಬೇಕು, ಎಥಿಕ್ಸ್ ಸಮಿತಿಯ ಒಪ್ಪಿಗೆಯೂ ಬೇಕು. ಎಂಎಸ್ಸಿ ಪ್ರಾಜೆಕ್ಟ್‌ಗೆ ಹೆಪ್‌ಜಿ2 ಸಾಕು ಅನ್ನುವುದು ನನ್ನ ಅಭಿಪ್ರಾಯ, ಪ್ರಶ್ನೆಯನ್ನು ಅದರ ಅಳತೆಗೆ ಇಟ್ಟುಕೊಂಡರೆ. ಪಿಎಚ್‌ಡಿ ಮಾಡುವವರು ಕನಿಷ್ಠ ಕೊನೆಯ ಸುತ್ತಿಗಾದರೂ ಹೆಪಾಆರ್‌ಜಿ ಅಥವಾ ಪ್ರೈಮರಿ ಸೆಲ್ಸ್‌ಗೆ ಹಣ ತೆಗೆದಿಡಲಿ. ಮುಂದಿನ ಲೆಕ್ಕಗಳೆಲ್ಲ ಹೆಪ್‌ಜಿ2ಗೆ.

ಹಂತ 2: ಸೆಲ್ಸ್ ಬಂದ ಮೇಲೆ

ಬಂದ ಫ್ಲಾಸ್ಕನ್ನು ಉಳಿದ ಸೆಲ್ಸ್ ಜೊತೆ ಒಂದೇ ಇನ್ಕ್ಯುಬೇಟರ್‌ನಲ್ಲಿ ಇಡಬೇಡಿ. ಮೊದಲು ಮೈಕೋಪ್ಲಾಸ್ಮಾ ಪಿಸಿಆರ್ ಮಾಡಿಸಿ. ಮೈಕೋಪ್ಲಾಸ್ಮಾ ಎಂಬ ಈ ಪುಟ್ಟ ಬ್ಯಾಕ್ಟೀರಿಯಾ ಉಳಿದ ಬ್ಯಾಕ್ಟೀರಿಯಾಗಳ ಹಾಗೆ ಮೀಡಿಯಾವನ್ನು ಮಬ್ಬು ಮಾಡುವುದಿಲ್ಲ, ಸಾಮಾನ್ಯ ಮೈಕ್ರೋಸ್ಕೋಪ್‌ನಲ್ಲೂ ಕಾಣುವುದಿಲ್ಲ, ಸುಮ್ನೆ ಸೆಲ್ಸ್‌ನ ಚಯಾಪಚಯವನ್ನು ಕೆಡಿಸುತ್ತಿರುತ್ತದೆ. ಶುದ್ಧ ಎಂದು ಖಾತ್ರಿಯಾದ ಮೇಲೆ ಮೊದಲ ಪಾಸೇಜ್‌ಗಳಲ್ಲೇ (ಸೆಲ್ಸನ್ನು ಹೊಸ ಫ್ಲಾಸ್ಕ್‌ಗೆ ಹಂಚುವ ಒಂದೊಂದು ಸುತ್ತು ಒಂದು ಪಾಸೇಜ್) ಸಾಕಷ್ಟು ವಯಲ್ ಫ್ರೀಜ್ ಮಾಡಿ. ಪ್ರತಿ ಪ್ರಯೋಗದ ಪಾಸೇಜ್ ನಂಬರ್ ಪುಸ್ತಕದಲ್ಲಿ ಬರೆಯಿರಿ.

ಬೇಸಿಗೆಯಲ್ಲಿ ಕರೆಂಟ್ ಹೋಗುವ ಊರು ನಮ್ಮದು. ಇನ್ಕ್ಯುಬೇಟರ್‌ಗೆ ಯುಪಿಎಸ್ ಇಲ್ಲದೆ ಎರಡು ವಾರದ ಪ್ರಯೋಗ ಶುರು ಮಾಡಬೇಡಿ. ಕರೆಂಟ್ ಹೋದಾಗ ನೋಡೋಣ ಎಂದು ಬಾಗಿಲು ತೆಗೆಯುವುದು ಬೇಡ. ಮುಚ್ಚಿದ್ದರೆ ಬಿಸಿ ಸ್ವಲ್ಪ ಹೊತ್ತು ಉಳಿಯುತ್ತದೆ.

ಹಂತ 3: ಅಂಟದ ಪ್ಲೇಟ್ ತಯಾರಿಸುವುದು

ಸೆಲ್ಸ್ ಉಂಡೆಯಾಗಬೇಕಾದರೆ ತಳಕ್ಕೆ ಅಂಟಬಾರದು. ಇದಕ್ಕೆಂದೇ ಅಲ್ಟ್ರಾ ಲೋ ಅಟ್ಯಾಚ್‌ಮೆಂಟ್ ಎಂಬ ಗುಂಡು ತಳದ 96 ಗುಳಿಯ ಪ್ಲೇಟ್ ಸಿಗುತ್ತದೆ. ಹಣವಿದ್ದರೆ ಅದನ್ನೇ ಕೊಳ್ಳಿ. ಇಲ್ಲದಿದ್ದರೆ ಅಗರೋಸ್ ಎಂಬ ಜೆಲ್ ಪುಡಿ ಇದೆ. ಡಿಎನ್‌ಎ ಜೆಲ್ ಹಾಕುವ ಲ್ಯಾಬ್‌ನಲ್ಲೆಲ್ಲ ಅದು ಇದ್ದೇ ಇರುತ್ತದೆ.

0.15 ಗ್ರಾಂ ಅಗರೋಸನ್ನು 10 ಎಂಎಲ್ ಪಿಬಿಎಸ್‌ಗೆ (ಉಪ್ಪಿನ ಬಫರ್ ದ್ರವ) ಹಾಕಿ ಆಟೋಕ್ಲೇವ್ ಮಾಡಿ. ಅದು 1.5 ಶೇಕಡಾ ಆಯಿತು. ಬಿಸಿ ಇರುವಾಗಲೇ ಹುಡ್ ಒಳಗೆ ಸಾಮಾನ್ಯ ಚಪ್ಪಟೆ ತಳದ 96 ಗುಳಿಯ ಪ್ಲೇಟ್‌ನ ಪ್ರತಿ ಗುಳಿಗೆ 50 ಮೈಕ್ರೋಲೀಟರ್ ಬಿಡಿ. ಅಂಚಿನ 36 ಗುಳಿಗಳನ್ನು ಬಿಟ್ಟುಬಿಡಿ, ಒಳಗಿನ 60 ಸಾಕು. ಕೈ ಚುರುಕಾಗಿರಬೇಕು. ತಡವಾದರೆ ಟಿಪ್ಪಿನಲ್ಲೇ ಗಟ್ಟಿಯಾಗುತ್ತದೆ. ದ್ರವ ಗುಳಿಯ ಗೋಡೆಗೆ ಸ್ವಲ್ಪ ಏರಿ ನಿಲ್ಲುವುದರಿಂದ ನಡುವೆ ತಗ್ಗು ಬೀಳುತ್ತದೆ. ಸೆಲ್ಸ್ ಜಾರಿ ಸೇರುವುದು ಆ ತಗ್ಗಿನಲ್ಲೇ. ಗುಳ್ಳೆ ಬಂದ ಗುಳಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಅದನ್ನು ಬಳಸಬೇಡಿ. ಅರ್ಧ ಗಂಟೆ ಹಾಗೇ ಬಿಡಿ.

ಅಂಚಿನ ಗುಳಿಗಳಿಗೆ ಬರೀ ಪಿಬಿಎಸ್ ತುಂಬಿ. ಅಲ್ಲಿಂದ ನೀರು ಬೇಗ ಆವಿಯಾಗುತ್ತದೆ. ಸೆಲ್ಸ್ ಇಟ್ಟರೆ ಔಷಧ ದಿನೇ ದಿನೇ ಗಟ್ಟಿಯಾಗುತ್ತಾ ಹೋಗಿ ಲೆಕ್ಕ ತಪ್ಪುತ್ತದೆ.

ಹಂತ 4: ಸೆಲ್ಸ್ ಹಾಕುವುದು

ಹೆಪ್‌ಜಿ2ಗೆ ಗುಂಪು ಕಟ್ಟುವ ಚಾಳಿ ಇದೆ. ಸೆಲ್ಸನ್ನು ತಳದಿಂದ ಬಿಡಿಸುವ ಟ್ರಿಪ್ಸಿನ್ ಹಾಕಿ ಆದ ಮೇಲೆ 40 ಮೈಕ್ರಾನ್ ಸ್ಟ್ರೈನರ್‌ನಲ್ಲಿ ಸೋಸಿ. ಬಿಡಿ ಬಿಡಿ ಸೆಲ್ಸ್ ಆಗದಿದ್ದರೆ ಎಣಿಕೆಯೂ ಸುಳ್ಳು, ಉಂಡೆಯ ಗಾತ್ರವೂ ಒಂದೊಂದು ಗುಳಿಯಲ್ಲಿ ಒಂದೊಂದು ಥರ. ಸತ್ತ ಸೆಲ್ಸನ್ನು ಮಾತ್ರ ನೀಲಿ ಮಾಡುವ ಟ್ರಿಪಾನ್ ಬ್ಲೂ ಹಾಕಿ ಎಣಿಸಿ. ಶೇಕಡಾ 90ಕ್ಕಿಂತ ಕಡಿಮೆ ಬದುಕಿದ್ದರೆ ಆ ದಿನ ಪ್ಲೇಟ್ ಹಾಕಬೇಡಿ.

ಗುಳಿಗೆ 1000 ಸೆಲ್ಸ್, 100 ಮೈಕ್ರೋಲೀಟರ್‌ನಲ್ಲಿ. ಅಂದರೆ ಎಂಎಲ್‌ಗೆ 10,000. 60 ಗುಳಿಗೆ 6 ಎಂಎಲ್ ಬೇಕು, 8 ಎಂಎಲ್ ಮಾಡಿಕೊಳ್ಳಿ. ತುಂಬುವಾಗ ಟ್ಯೂಬನ್ನು ಆಗಾಗ ಮೆಲ್ಲಗೆ ತಿರುಗಿಸಿ. ಸೆಲ್ಸ್ ತಳಕ್ಕೆ ಇಳಿದುಬಿಟ್ಟರೆ ಕೊನೆಯ ಸಾಲಿನ ಉಂಡೆಗಳು ಮೊದಲ ಸಾಲಿನ ಹಾಗೆ ಬರುವುದಿಲ್ಲ. ಆಮೇಲೆ ಪ್ಲೇಟನ್ನು 200 ಜಿಯಲ್ಲಿ (ಗುರುತ್ವದ 200 ಪಟ್ಟು) ಐದು ನಿಮಿಷ ತಿರುಗಿಸಿ ಇನ್ಕ್ಯುಬೇಟರ್‌ಗೆ ಇಡಿ. ಎರಡು ದಿನ ಮುಟ್ಟಬೇಡಿ. ಮೂರನೇ ದಿನ ಇನ್ನು 100 ಮೈಕ್ರೋಲೀಟರ್ ಮೀಡಿಯಾ ಸೇರಿಸಿ.

1000 ಎಂಬುದು ಶುರು ಮಾಡಲು ಒಂದು ಅಂಕಿ ಮಾತ್ರ. ಮೊದಲ ಪ್ಲೇಟ್‌ನಲ್ಲಿ 500, 1000, 2000 ಮೂರನ್ನೂ ಹಾಕಿ ನಿಮ್ಮ ಕೈಗೆ, ನಿಮ್ಮ ಸೀರಮ್‌ಗೆ ಯಾವುದು ಸರಿಹೋಗುತ್ತದೆ ನೋಡಿ.

ಹಂತ 5: ಗಾತ್ರ

ನಾಲ್ಕನೇ ದಿನ ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಅಂಚು ನುಣುಪಾಗಿ, ಗೆರೆ ಎಳೆದಂತೆ ಇರಬೇಕು. ಸುತ್ತ ಪುಡಿ ಪುಡಿ ಸೆಲ್ಸ್ ತೇಲಬಾರದು. ಒಂದು ಗುಳಿಯಲ್ಲಿ ಒಂದೇ ಉಂಡೆ. ಅಡ್ಡಳತೆ 250ರಿಂದ 350 ಮೈಕ್ರಾನ್ ಒಳಗಿದ್ದರೆ ಚೆನ್ನ. ಒಂದು ರಾಗಿ ಕಾಳಿಗಿಂತ ಎಷ್ಟೋ ಚಿಕ್ಕದು. ಬರೀ ಕಣ್ಣಿಗೆ ಒಂದು ಬಿಳಿ ಚುಕ್ಕಿ ಅಷ್ಟೇ.

ಇದಕ್ಕಿಂತ ದೊಡ್ಡದಾದರೆ ಏನು ತೊಂದರೆ? ಆಮ್ಲಜನಕ ಹೊರಗಿನಿಂದ ಒಳಕ್ಕೆ ಇಳಿಯುವುದು ಸುಮಾರು 150ರಿಂದ 200 ಮೈಕ್ರಾನ್ ಆಳದವರೆಗೆ ಮಾತ್ರ. ಉಂಡೆಯಲ್ಲಿ ರಕ್ತನಾಳವಿಲ್ಲ. 500 ಮೈಕ್ರಾನ್ ದಾಟಿದ ಉಂಡೆಯ ನಡುವಿನ ಸೆಲ್ಸ್ ಉಸಿರುಕಟ್ಟಿ ಸಾಯುತ್ತವೆ, ನಡುವೆ ಕಪ್ಪಾಗಿ ಕಾಣುತ್ತದೆ. ಆಮೇಲೆ ನೀವು ಔಷಧ ಹಾಕಿ ಸತ್ತ ಸೆಲ್ಸ್ ಅಳೆದರೆ, ಕೊಂದದ್ದು ಔಷಧವೋ ಆಮ್ಲಜನಕದ ಕೊರತೆಯೋ ಗೊತ್ತಾಗುವುದಿಲ್ಲ. ಕಪ್ಪು ಕಂಡಿತೆಂದರೆ ಸತ್ತಿದೆ ಅಂತಲೇ ಅಲ್ಲ, ದಪ್ಪದಿಂದಲೂ ಬೆಳಕು ಕಡಿಮೆ ದಾಟುತ್ತದೆ. ಸಂಶಯವಿದ್ದರೆ ಕ್ಯಾಲ್ಸೀನ್ ಎಎಂ ಮತ್ತು ಪ್ರೊಪೀಡಿಯಂ ಅಯೋಡೈಡ್ ಬಣ್ಣ ಹಾಕಿ ನೋಡಿ. ಬದುಕಿದ್ದು ಹಸಿರು, ಸತ್ತದ್ದು ಕೆಂಪು.

ಪ್ರತಿ ಗುಳಿಯ ಫೋಟೋ ತೆಗೆದು ಇಮೇಜ್‌ಜೆ ಸಾಫ್ಟ್‌ವೇರ್‌ನಲ್ಲಿ ಅಡ್ಡಳತೆ ತೆಗೆಯಿರಿ. ಅದು ಉಚಿತ. ಸರಾಸರಿಗಿಂತ ಶೇಕಡಾ 15ಕ್ಕಿಂತ ಜಾಸ್ತಿ ಆಚೀಚೆ ಇರುವ ಉಂಡೆಗಳನ್ನು ಔಷಧ ಹಾಕುವ ಮೊದಲೇ ಪಟ್ಟಿಯಿಂದ ತೆಗೆಯಿರಿ. ಔಷಧ ಹಾಕಿದ ಮೇಲೆ ತೆಗೆಯುವುದು ಮೋಸ.

ಹಂತ 6: ಇದು ಲಿವರ್ ಹೌದೇ ಎಂದು ಕೇಳುವುದು

ಬಹಳ ಜನ ಹಾರಿಸಿಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಉಂಡೆಯಾಯಿತು ಅಂದಮಾತ್ರಕ್ಕೆ ಲಿವರ್ ಆಗಲಿಲ್ಲ. ಔಷಧವನ್ನು ಪರೀಕ್ಷಿಸುವ ಮೊದಲು ಸೆಲ್ಸನ್ನು ಪರೀಕ್ಷಿಸಿ. ಅವು ಲಿವರ್ ಕೆಲಸ ಮಾಡುತ್ತಿಲ್ಲ ಎಂದಾದರೆ ಮುಂದಿನ ಯಾವ ಅಂಕಿಗೂ ಅರ್ಥವಿಲ್ಲ.

ಸುಲಭದ್ದು ಆಲ್ಬುಮಿನ್. ಲಿವರ್ ಅದನ್ನು ತಯಾರಿಸಿ ಹೊರಬಿಡುತ್ತದೆ. ನಾಲ್ಕನೇ, ಏಳನೇ ದಿನದ ಮೀಡಿಯಾ ತೆಗೆದು ಎಲಿಸಾ (ಆಂಟಿಬಾಡಿ ಬಳಸಿ ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಿ. ಮೀಡಿಯಾದಲ್ಲಿರುವ ಸೀರಮ್‌ನಲ್ಲಿ ಕರುವಿನ ಆಲ್ಬುಮಿನ್ ತುಂಬಾ ಇರುತ್ತದೆ. ಮನುಷ್ಯರ ಆಲ್ಬುಮಿನ್ ಮಾತ್ರ ಹಿಡಿಯುವ ಕಿಟ್ ಬೇಕು. ಸೆಲ್ಸ್ ಇಲ್ಲದ ಮೀಡಿಯಾವನ್ನೂ ಜೊತೆಗೆ ಓಡಿಸಿ. ಅದೇ ಪಾಸೇಜ್‌ನ ಚಪ್ಪಟೆ ಸೆಲ್ಸ್ ಜೊತೆ ಹೋಲಿಸಿ, ಅದೂ ಡಿಎನ್‌ಎ ಲೆಕ್ಕಕ್ಕೆ ಭಾಗಿಸಿ. ಸೆಲ್ಸ್ ಜಾಸ್ತಿಯಾದ್ದಕ್ಕೆ ಆಲ್ಬುಮಿನ್ ಜಾಸ್ತಿಯಾಯಿತೋ, ಒಂದೊಂದು ಸೆಲ್ ಜಾಸ್ತಿ ಕೆಲಸ ಮಾಡಿತೋ ಆಗಲೇ ಗೊತ್ತಾಗುವುದು.

ಯೂರಿಯಾ ಅಳೆದು ಲಿವರ್ ಕೆಲಸ ಎಂದು ಬರೆಯುವವರಿದ್ದಾರೆ. ಹೆಪ್‌ಜಿ2ಗೆ ಇದು ಹೊಂದುವುದಿಲ್ಲ. ಅವುಗಳಲ್ಲಿ ಯೂರಿಯಾ ಚಕ್ರದ ಕೆಲವು ಎಂಜೈಮ್‌ಗಳೇ ಇಲ್ಲ. ಬರುವ ಸ್ವಲ್ಪ ಯೂರಿಯಾ ಅಮೋನಿಯಾದಿಂದ ಬಂದದ್ದಲ್ಲ, ಅರ್ಜಿನೀನ್ ಒಡೆದು ಬಂದದ್ದು. ಪ್ರೈಮರಿ ಸೆಲ್ಸ್‌ಗೆ ಯೂರಿಯಾ ಒಳ್ಳೆಯ ಅಳತೆ.

ಹೆಪಾಆರ್‌ಜಿ ಅಥವಾ ಪ್ರೈಮರಿ ಸೆಲ್ಸ್ ಬಳಸುತ್ತಿದ್ದರೆ ಸೈಟೋಕ್ರೋಮ್ ಪಿ450 ಗುಂಪಿನ ಸಿವೈಪಿ3ಎ4 ಎಂಜೈಮನ್ನೂ ನೋಡಿ. 10 ಮೈಕ್ರೋಮೋಲಾರ್ ರಿಫಾಂಪಿಸಿನ್ ಎರಡು ಮೂರು ದಿನ ಕೊಟ್ಟರೆ ಈ ಎಂಜೈಮ್ ಏರಬೇಕು. ಏರದಿದ್ದರೆ ಆ ಬ್ಯಾಚ್ ಬಿಡಿ. ಎಷ್ಟು ಬಂದರೆ ಪಾಸ್ ಎಂದು ಮೊದಲೇ ಪುಸ್ತಕದಲ್ಲಿ ಬರೆದು ಗೈಡ್ ಹತ್ತಿರ ಸಹಿ ಹಾಕಿಸಿಕೊಳ್ಳಿ. ಆಮೇಲೆ ಗೆರೆ ಸರಿಸುವ ಆಸೆ ಯಾರಿಗಾದರೂ ಬಂದೇ ಬರುತ್ತದೆ.

ಹಂತ 7: ಔಷಧ ಹಾಕುವುದು

ಮೊದಲು ಗೊತ್ತಿರುವ ಔಷಧದಿಂದ ಶುರು ಮಾಡಿ. ಪ್ಯಾರಾಸಿಟಮಾಲ್ ಎಲ್ಲರ ಆಯ್ಕೆ. 1 ಗ್ರಾಂ ನುಂಗಿದರೆ ರಕ್ತದಲ್ಲಿ ಅದರ ಗರಿಷ್ಠ ಮಟ್ಟ ಸುಮಾರು 10ರಿಂದ 20 ಮೈಕ್ರೋಗ್ರಾಂ ಪ್ರತಿ ಎಂಎಲ್‌ಗೆ, ಅಂದರೆ ಹೆಚ್ಚೆಂದರೆ 0.13 ಮಿಲಿಮೋಲಾರ್. ಲಿವರ್ ವಿಷ ಪರೀಕ್ಷೆಯಲ್ಲಿ ಇದರ 100 ಪಟ್ಟಿನವರೆಗೆ ನೋಡುವುದು ವಾಡಿಕೆ, ಅದು 13 ಮಿಲಿಮೋಲಾರ್ ಆಯಿತು. ಹಾಗಾಗಿ 20ರಿಂದ ಶುರು ಮಾಡಿ ಅರ್ಧರ್ಧ ಇಳಿಸಿ: 20, 10, 5, 2.5, 1.25, 0.625. ನಿಮ್ಮ ಔಷಧ ಯಾವುದೇ ಇರಲಿ, ರಕ್ತದ ಗರಿಷ್ಠ ಮಟ್ಟ ಹುಡುಕಿಕೊಂಡು ಅದರಿಂದಲೇ ಡೋಸ್ ಲೆಕ್ಕ ಹಾಕಿ. ಬರೀ 10, 50, 100 ಎಂದು ದುಂಡು ಅಂಕಿ ಇಟ್ಟರೆ ಅದು ರೋಗಿಯ ದೇಹಕ್ಕೆ ಸಂಬಂಧವಿಲ್ಲದ ಲೆಕ್ಕವಾಗುತ್ತದೆ.

ಪ್ಯಾರಾಸಿಟಮಾಲ್‌ನ್ನು ಡಿಎಂಎಸ್‌ಒದಲ್ಲಿ ಕರಗಿಸಬೇಡಿ. ಪ್ಯಾರಾಸಿಟಮಾಲನ್ನು ವಿಷವಾಗಿಸುವ ಸಿವೈಪಿ2ಇ1 ಎಂಜೈಮನ್ನೇ ಡಿಎಂಎಸ್‌ಒ ತಡೆಯುತ್ತದೆ, ವಿಷ ಇದ್ದರೂ ಕಾಣದೆ ಹೋಗುತ್ತದೆ. ನೇರ ಮೀಡಿಯಾದಲ್ಲೇ ಕರಗುತ್ತದೆ. 60.5 ಮಿಲಿಗ್ರಾಂ ತೂಗಿ 10 ಎಂಎಲ್ ಬೆಚ್ಚಗಿನ ಮೀಡಿಯಾಗೆ ಹಾಕಿದರೆ 40 ಮಿಲಿಮೋಲಾರ್. 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಡಿಎಂಎಸ್‌ಒ ಬೇಕೇ ಬೇಕಾದ ಬೇರೆ ಔಷಧಗಳಿಗೆ ಕೊನೆಯ ಪ್ರಮಾಣ 0.1 ಶೇಕಡಾ ಇರಲಿ, ಔಷಧ ಹಾಕದ ಕಂಟ್ರೋಲ್ ಗುಳಿಗೂ ಅಷ್ಟೇ ಹಾಕಿ.

40 ಯಾಕೆ ಅಂದರೆ, ಗುಳಿಯಲ್ಲಿ 200 ಮೈಕ್ರೋಲೀಟರ್ ಇದೆ. ಅದರಲ್ಲಿ ಅರ್ಧ ತೆಗೆದು, ಎರಡು ಪಟ್ಟು ಗಟ್ಟಿಯಾದ ಔಷಧವನ್ನು 100 ಮೈಕ್ರೋಲೀಟರ್ ಹಾಕಿದರೆ ಸರಿಯಾದ ಡೋಸ್ ಬರುತ್ತದೆ. ಇದು ಮೊದಲ ಸಲಕ್ಕೆ ಮಾತ್ರ. ಎರಡು ಮೂರು ದಿನ ಬಿಟ್ಟು ಮತ್ತೆ ಹಾಕುವಾಗ ಒಂದು ಪಟ್ಟಿನದ್ದೇ ಹಾಕಬೇಕು. ಆಗಲೂ ಎರಡು ಪಟ್ಟಿನದ್ದು ಹಾಕಿದರೆ ಗುಳಿಯಲ್ಲಿ ಡೋಸ್ ಒಂದೂವರೆ ಪಟ್ಟಾಗುತ್ತದೆ. ಮೊದಲ ದಿನದ ಬಾಟಲಿಗೂ ಮುಂದಿನ ದಿನದ ಬಾಟಲಿಗೂ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿ.

ಮೀಡಿಯಾ ತೆಗೆಯುವಾಗ ಪ್ಲೇಟನ್ನು ಸ್ವಲ್ಪ ಓರೆ ಮಾಡಿ. ಟಿಪ್ಪನ್ನು ಗೋಡೆಗೆ ತಾಗಿಸಿ, ಮೇಲಿನಿಂದ ನಿಧಾನಕ್ಕೆ ಎಳೆಯಿರಿ. ತಳಕ್ಕೆ ಹೋಗಬೇಡಿ. ಉಂಡೆ ಟಿಪ್ಪಿನೊಳಗೆ ಸರಕ್ಕನೆ ಬಂದುಬಿಡುತ್ತದೆ. ಪ್ರತಿ ಸಲ ಮುಗಿದ ಮೇಲೆ 60 ಗುಳಿಯಲ್ಲೂ ಉಂಡೆ ಇದೆಯೇ ಎಣಿಸಿ. ಕಳೆದುಹೋದ ಗುಳಿ ಸತ್ತ ಗುಳಿ ಎಂದು ಲೆಕ್ಕಕ್ಕೆ ಸೇರಬಾರದು.

ಹೆಪ್‌ಜಿ2ನಲ್ಲಿ ಏಳು ದಿನ, ಪ್ರೈಮರಿ ಸೆಲ್ಸ್‌ನಲ್ಲಿ 14 ದಿನ ಕೊಡಿ. ಜೊತೆಗೆ ಒಂದು ಸಾಲಿಗೆ ಎನ್-ಅಸಿಟೈಲ್ ಸಿಸ್ಟೀನ್ ಸೇರಿಸಿ. ಪ್ಯಾರಾಸಿಟಮಾಲ್ ಜಾಸ್ತಿಯಾದವರಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದೂ ಇದೇ. ಇದರಿಂದ ಸೆಲ್ಸ್ ಉಳಿದರೆ ವಿಷ ನಿಜವಾದ ದಾರಿಯಲ್ಲೇ ಬಂದಿರುವ ಸಾಧ್ಯತೆ ಇದೆ. ಉಳಿಯದಿದ್ದರೆ ಸೆಲ್ಸ್ ಸತ್ತದ್ದು ಬೇರೆ ಕಾರಣಕ್ಕೆ ಇರಬಹುದು. ಹೆಪ್‌ಜಿ2ನಲ್ಲಿ ಸಿವೈಪಿ2ಇ1 ತೀರಾ ಕಡಿಮೆ ಇರುವುದರಿಂದ ಎರಡನೆಯದಕ್ಕೂ ಸಿದ್ಧರಿರಿ.

ಒಂದೇ ಜಾತಿಯ ಔಷಧಗಳ ಜೋಡಿ ಇಟ್ಟರೆ ಪರೀಕ್ಷೆಯ ಬೆಲೆ ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯ ಔಷಧ ಟ್ರೋಗ್ಲಿಟಜೋನ್ ಲಿವರ್ ಕೆಡಿಸಿ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಅದರ ನೆಂಟ ಪಯೋಗ್ಲಿಟಜೋನ್ ಇನ್ನೂ ಉಳಿದಿದೆ. ನಿಮ್ಮ ಉಂಡೆಗಳು ಇವೆರಡನ್ನು ಬೇರೆ ಮಾಡಿ ತೋರಿಸಬಲ್ಲವೇ ನೋಡಿ.

ಹಂತ 8: ಅಳೆಯುವುದು

ಉಂಡೆಗೆ ಎಂಟಿಟಿ ಬೇಡ. ಬಣ್ಣ ಒಳಕ್ಕೆ ಸರಿಯಾಗಿ ಇಳಿಯುವುದಿಲ್ಲ, ಹರಳು ಸರಿಯಾಗಿ ಕರಗುವುದಿಲ್ಲ. ಗಿಡದ ಸಾರ ಪರೀಕ್ಷಿಸುವವರಿಗೆ ಇನ್ನೂ ದೊಡ್ಡ ತೊಂದರೆ ಇದೆ: ಸಾರದಲ್ಲಿರುವ ಪಾಲಿಫೀನಾಲ್‌ಗಳು ಸೆಲ್ಸ್ ಇಲ್ಲದೆಯೇ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಸತ್ತ ಸೆಲ್ಸ್ ಬದುಕಿದಂತೆ ಕಾಣುತ್ತವೆ. ನೀವು ಯಾವ ಅಸ್ಸೆ ಮಾಡಿದರೂ ಸಾರ ಮಾತ್ರ ಇರುವ, ಸೆಲ್ಸ್ ಇಲ್ಲದ ಗುಳಿ ಇರಲೇಬೇಕು.

ಬದುಕಿರುವ ಸೆಲ್ಸ್‌ನ ಇಂಧನವಾದ ಎಟಿಪಿ ಅಳೆಯುವುದು ಉತ್ತಮ. ಉಂಡೆಗೆಂದೇ ತಯಾರಾದ ಕಿಟ್ ತೆಗೆದುಕೊಳ್ಳಿ. ಅದರಲ್ಲಿ ಸೆಲ್ ಒಡೆಯುವ ಶಕ್ತಿ ಜಾಸ್ತಿ. ಗುಳಿಯಲ್ಲಿರುವಷ್ಟೇ ರೀಏಜೆಂಟ್ ಹಾಕಿ, ಐದು ನಿಮಿಷ ಜೋರಾಗಿ ಅಲುಗಾಡಿಸಿ, 25 ನಿಮಿಷ ಬಿಟ್ಟು ಬಿಳಿ ಪ್ಲೇಟ್‌ಗೆ ವರ್ಗಾಯಿಸಿ ಬೆಳಕು ಅಳೆಯಿರಿ. ಈ ಬೆಳಕು ಮಿಂಚುಹುಳದ ಲೂಸಿಫರೇಸ್ ಎಂಜೈಮ್‌ನಿಂದ ಬರುವುದು. ರೆಸ್ವೆರಟ್ರಾಲ್‌ನಂಥ ಸಸ್ಯದ ವಸ್ತುಗಳು ಅದನ್ನೂ ತಡೆಯುತ್ತವೆ. ಹಾಗಾಗಿ ಒಂದೇ ಅಳತೆಯನ್ನು ನಂಬಬೇಡಿ. ಎಟಿಪಿ ಜೊತೆ ಒಡೆದ ಸೆಲ್ಸ್‌ನಿಂದ ಮೀಡಿಯಾಗೆ ಸೋರಿದ ಎಂಜೈಮ್ ಎಲ್‌ಡಿಎಚ್, ಆಲ್ಬುಮಿನ್, ಫೋಟೋ ಇಷ್ಟೂ ಇರಲಿ. ಎಲ್‌ಡಿಎಚ್ ಮೀಡಿಯಾದಲ್ಲಿ ದಿನಗಟ್ಟಲೆ ಉಳಿಯುವುದಿಲ್ಲ, ಪ್ರತಿ ಸಲ ಮೀಡಿಯಾ ತೆಗೆದಾಗಲೇ ಅಳೆಯಿರಿ. ಎಟಿಪಿ ಬೀಳುವ ಎಷ್ಟೋ ಮೊದಲೇ ಆಲ್ಬುಮಿನ್ ಬೀಳುವುದುಂಟು. ಸೆಲ್ಸ್ ಸಾಯುವ ಮೊದಲು ಕೆಲಸ ನಿಲ್ಲಿಸುತ್ತವೆ ಅಲ್ವಾ?

ಮೈಟೋಕಾಂಡ್ರಿಯಾ ವಿಷ ಹುಡುಕುವವರು ಮೀಡಿಯಾದ ಗ್ಲೂಕೋಸ್ ತೆಗೆದು ಗ್ಯಾಲಕ್ಟೋಸ್ ಹಾಕಿ ಇನ್ನೊಂದು ಪ್ಲೇಟ್ ಮಾಡಿ. ಗ್ಲೂಕೋಸ್ ತುಂಬಿರುವಾಗ ಹೆಪ್‌ಜಿ2 ಮೈಟೋಕಾಂಡ್ರಿಯಾ ಇಲ್ಲದೆಯೂ ಬದುಕಿಕೊಳ್ಳುತ್ತವೆ, ವಿಷ ಮುಚ್ಚಿಹೋಗುತ್ತದೆ.

ಹಂತ 9: ಲೆಕ್ಕ ಮತ್ತು ಬರಹ

ಒಂದು ಪ್ಲೇಟ್‌ನ ಆರು ಗುಳಿ ಆರು ಪ್ರಯೋಗವಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ಪಾಸೇಜ್‌ನಿಂದ ಕನಿಷ್ಠ ಮೂರು ಸಲ ಮಾಡಿ, ಆ ಮೂರನ್ನೇ ಎನ್ (ಪ್ರಯೋಗಗಳ ಸಂಖ್ಯೆ) ಎಂದು ಬರೆಯಿರಿ.

ಫಲಿತಾಂಶ ಎಲ್ಲಿಯವರೆಗೆ ಹೋಗುತ್ತದೆ ಎಂಬುದರಲ್ಲಿ ಪ್ರಾಮಾಣಿಕವಾಗಿರಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನುಷ್ಯರ ಪ್ರೈಮರಿ ಸೆಲ್ಸ್‌ನ ಸ್ಫೆರಾಯ್ಡ್ ಮೇಲೆ 123 ಔಷಧ ಪರೀಕ್ಷಿಸಿದರು. ನಿರಪಾಯ ಔಷಧ ಒಂದನ್ನೂ ಅದು ತಪ್ಪಾಗಿ ವಿಷ ಅನ್ನಲಿಲ್ಲ. ಆದರೆ ಲಿವರ್ ಕೆಡಿಸುವ ಔಷಧಗಳಲ್ಲಿ ಸಿಕ್ಕಿದ್ದು ಶೇಕಡಾ 69 ಮಾತ್ರ. ಅಷ್ಟು ಒಳ್ಳೆಯ ಸೆಲ್ಸ್‌ಗೂ ಸುಮಾರು ಮೂರರಲ್ಲಿ ಒಂದು ತಪ್ಪಿಸಿಕೊಳ್ಳುತ್ತದೆ. ಕಾರಣಗಳಲ್ಲಿ ಒಂದು, ಕೆಲವು ಔಷಧಗಳು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಲಿವರ್ ಮೇಲೆ ಎತ್ತಿಕಟ್ಟುತ್ತವೆ. ಉಂಡೆಯಲ್ಲಿ ಆ ವ್ಯವಸ್ಥೆ ಇಲ್ಲ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಈ ಥರದ ಲಿವರ್ ತೊಂದರೆ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಬರೀ ಹೆಪ್‌ಜಿ2 ಉಂಡೆಯಲ್ಲಿ ಅಮೃತಬಳ್ಳಿ ಪಾಸ್ ಆದರೆ ಈ ಪ್ರಶ್ನೆಗೆ ಉತ್ತರ ಸಿಕ್ಕಂತಲ್ಲ. ನೆಲನೆಲ್ಲಿಗೂ ಇದೇ ಮಾತು. ಲಿವರ್‌ಗೆ ಸುರಕ್ಷಿತ ಎಂದು ಬರೆಯಬೇಡಿ. ಇಂಥ ಸೆಲ್ಸ್‌ನಲ್ಲಿ, ಇಷ್ಟು ದಿನ, ಇಷ್ಟು ಡೋಸ್‌ವರೆಗೆ ವಿಷ ಕಾಣಲಿಲ್ಲ ಎಂದು ಬರೆಯಿರಿ.

ಈ ಕೆಲಸಕ್ಕೆ ಈಗ ಕಾನೂನಿನಲ್ಲೂ ಜಾಗ ಸಿಕ್ಕಿದೆ. ಅಮೆರಿಕ 2022ರ ಡಿಸೆಂಬರ್‌ನಲ್ಲಿ, ಭಾರತ 2023ರಲ್ಲಿ ಹೊಸ ಔಷಧಗಳ ನಿಯಮ ತಿದ್ದಿ, ಪ್ರಾಣಿ ಪರೀಕ್ಷೆಯ ಜೊತೆಗೆ ಇಂಥ ಸೆಲ್ ಆಧಾರಿತ ವಿಧಾನಗಳನ್ನೂ ಒಪ್ಪಿಕೊಂಡಿವೆ. ಹಾಗಾಗಿ ನಿಮ್ಮ ಪುಸ್ತಕದಲ್ಲಿರುವ ಪಾಸೇಜ್ ನಂಬರ್, ಸೀರಮ್ ಲಾಟ್, ಉಂಡೆಯ ಅಡ್ಡಳತೆ, ತೆಗೆದುಹಾಕಿದ ಗುಳಿಗಳ ಪಟ್ಟಿ ಎಲ್ಲವನ್ನೂ ಥೀಸಿಸ್‌ನ ಅನುಬಂಧದಲ್ಲಿ ಹಾಕಿ. ಪ್ರತಿ ಸಲ ತೆಗೆದ ಮೀಡಿಯಾ ಚೆಲ್ಲದೆ, ಲೇಬಲ್ ಹಾಕಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಪರೀಕ್ಷಕರು ಇನ್ನೊಂದು ಅಳತೆ ಕೇಳಿದರೆ ಪ್ರಯೋಗ ಮತ್ತೆ ಮಾಡಬೇಕಾಗಿಲ್ಲ, ಟ್ಯೂಬ್ ತೆಗೆದು ಎಲಿಸಾ ಓಡಿಸಿದರೆ ಆಯಿತು.